ಬೀಟ್‌ರೂಟ್ ರಸ, ಹಳೆ ಲಗ್ನಪತ್ರಿಕೆ, ಒಂದು ಕೆಟ್ಟು ನಿಂತ ಬಸ್ಸು: ಫಸ್ಟ್ ಇಯರ್ ಮಕ್ಕಳಿಗೆ ವಿಪತ್ತು ವೈದ್ಯಕೀಯ ಕಲಿಸುವ ಬಗೆ

ಎಂಬಿಬಿಎಸ್ ಸೇರಿ ಮೂರು ತಿಂಗಳೂ ಆಗಿರದ ಮಕ್ಕಳಿಗೆ ಅಪಘಾತ, ಪ್ರವಾಹ, ಕಾಲ್ತುಳಿತದ ಬಗ್ಗೆ ಕಲಿಸಿ ಅಂತ ನನಗೆ ಮೊದಲ ಸಲ ಹೇಳಿದಾಗ ನಾನು ಎಪ್ಪತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆಯ ಕ್ಲಾಸು. ಮೆಸ್‌ನಲ್ಲಿ ಅವತ್ತು ಬಿಸಿಬೇಳೆಬಾತ್. ಇಪ್ಪತ್ತನೇ ಸ್ಲೈಡಿಗೆ ಹಿಂದಿನ ಬೆಂಚು ಮಲಗಿತ್ತು, ನಲವತ್ತನೆಯದಕ್ಕೆ ಮುಂದಿನದೂ. ಅವರದೇನೂ ತಪ್ಪಿಲ್ಲ. ವಿಪತ್ತಿನ ಐದು ವ್ಯಾಖ್ಯೆ ಕೇಳಿದರೆ ನನಗೂ ನಿದ್ದೆ ಬರುತ್ತೆ.

ಅದಾಗಿ ಹನ್ನೊಂದು ವರ್ಷವಾಯಿತು. ಈಗ ಸ್ಲೈಡ್ ಆರೇ ಆರು. ಉಳಿದ ಹೊತ್ತೆಲ್ಲ ಹಾಸ್ಟೆಲ್ ಹಿಂದಿನ ಮೈದಾನದಲ್ಲಿ. ನಾನು ಕ್ಯಾಶುವಲ್ಟಿ ಡಾಕ್ಟರು. ಪಾಠ ಮಾಡುವುದನ್ನು ಎಲ್ಲೂ ಕಲಿತವಳಲ್ಲ, ಕೆಡಿಸಿ ಕೆಡಿಸಿ ಕಲಿತಿದ್ದೇನೆ. ನಿಮ್ಮ ಕಾಲೇಜಿನಲ್ಲೂ ಈ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಫಸ್ಟ್ ಇಯರ್‌ಗೆ ಇದೆಲ್ಲ ಯಾಕೆ, ಅವರಿಗೆ ಏನೂ ಬರುವುದಿಲ್ಲವಲ್ಲ, ಅಂತ ಕೇಳುವವರಿದ್ದಾರೆ. ಒಂದು ಸಲ ಸುಮ್ನೆ ಕುತೂಹಲಕ್ಕೆ ಹನ್ನೆರಡು ನಕಲಿ ಗಾಯಾಳುಗಳನ್ನು ಮಲಗಿಸಿ, ಪಿಜಿಗಳ (ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿರುವವರ) ಒಂದು ತಂಡ, ಫಸ್ಟ್ ಇಯರ್‌ನವರ ಒಂದು ತಂಡ ಬಿಟ್ಟೆ. ಪಿಜಿಗಳು ಮೊದಲ ಗಾಯಾಳುವಿನ ಹತ್ತಿರವೇ ನಿಂತುಬಿಟ್ಟರು. ಒಬ್ಬ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಅಂದ, ಇನ್ನೊಬ್ಬ ಕಾಲರ್ (ಕುತ್ತಿಗೆ ಪಟ್ಟಿ) ಅಂದ. ಐದು ನಿಮಿಷ ಕಳೆದರೂ ನಾಲ್ಕನೆಯವರನ್ನು ದಾಟಿರಲಿಲ್ಲ. ಮಕ್ಕಳಿಗೆ ಕ್ಯಾನುಲಾ ಹಾಕಲು ಬರುವುದಿಲ್ಲ. ಹಾಗಾಗಿ ನೋಡಿದರು, ಯಾರು ಎಷ್ಟು ತುರ್ತು ಅನ್ನುವ ಬಣ್ಣದ ಚೀಟಿ ಕಟ್ಟಿದರು, ಮುಂದೆ ಹೋದರು. ಚಿಕಿತ್ಸೆ ಗೊತ್ತಿಲ್ಲದಿರುವುದೇ ಇಲ್ಲಿ ಅನುಕೂಲ. ನೋಡುವ ಅಭ್ಯಾಸ ಹಿಡಿಸಬೇಕಾದರೆ ಕೈಗೆ ಕೆಲಸ ಬರುವ ಮೊದಲೇ ಹಿಡಿಸಬೇಕು.

ಸಮಯ ಹುಡುಕುವುದು ಕಷ್ಟವಲ್ಲ. 2019ರಲ್ಲಿ ಹೊಸ ಪಠ್ಯಕ್ರಮ ಬಂದಾಗಿನಿಂದ ಕೋರ್ಸ್ ಶುರುವಿನಲ್ಲೇ ಫೌಂಡೇಶನ್ ಕೋರ್ಸ್ ಇದೆ. ಪ್ರಥಮ ಚಿಕಿತ್ಸೆ, ಬಿಎಲ್ಎಸ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಹಿಡಿದಿಡುವುದು) ಅದರಲ್ಲೇ ಬರುತ್ತವೆ. ಅದಕ್ಕೆ ಮೂರು ಮಧ್ಯಾಹ್ನ ಸೇರಿಸಿಕೊಂಡರೆ ನಾನು ಹೇಳುವುದೆಲ್ಲ ಹಿಡಿಸುತ್ತದೆ.

ಮೊದಲ ಮಧ್ಯಾಹ್ನ: ಅವರಿಗೆ ಗೊತ್ತಿರುವುದರಿಂದ ಶುರು ಮಾಡಿ

ವ್ಯಾಖ್ಯೆಗೆ ಎರಡು ನಿಮಿಷ ಸಾಕು. ಹತ್ತು ಗಾಯಾಳು ಬಂದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅದೊಂದು ಸುಸ್ತಿನ ರಾತ್ರಿ. ಒಬ್ಬ ಡಾಕ್ಟರು, ಒಬ್ಬ ನರ್ಸ್ ಇರುವ ಪಿಎಚ್‌ಸಿಗೆ ಅದೇ ಹತ್ತು ಜನ ವಿಪತ್ತು. ಬೇಕಾದದ್ದು ಜಾಸ್ತಿ, ಇರುವುದು ಕಡಿಮೆ, ಇಷ್ಟೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ವಿಚಾರ ಕಮ್ಯುನಿಟಿ ಮೆಡಿಸಿನ್‌ನವರು ಮುಂದೆ ಹೇಳುತ್ತಾರೆ, ಅದನ್ನು ಅವರಿಗೇ ಬಿಡಿ.

ಆಮೇಲೆ ನಮ್ಮಲ್ಲೇ ನಡೆದ ಘಟನೆಗಳನ್ನು ತೆಗೆದುಕೊಂಡು, ಅವರು ಆ ವಾರ ಓದುತ್ತಿರುವ ಪಾಠಕ್ಕೆ ಗಂಟು ಹಾಕಿ. ಫಿಸಿಯಾಲಜಿಯಲ್ಲಿ ಉಸಿರಾಟ ನಡೆಯುತ್ತಿದೆಯಾ? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಕಾಲ್ತುಳಿತ ಅನ್ನುವ ಪದ ಕೇಳಿ, ಜನ ತುಳಿತಕ್ಕೆ ಸಿಕ್ಕಿ ಸಾಯುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಂಥ ದಟ್ಟಣೆಯಲ್ಲಿ ಹೆಚ್ಚಿನವರು ಸಾಯುವುದು ಉಸಿರು ಕಟ್ಟಿ. ನಿಂತಲ್ಲೇ, ಎದೆ ಅರಳಲು ಜಾಗವಿಲ್ಲದೆ. ಒಬ್ಬ ವಿದ್ಯಾರ್ಥಿಗೆ ತನ್ನ ಎದೆಗೆ ತಾನೇ ವೇಲ್ ಸುತ್ತಿ ಸ್ವಲ್ಪ ಬಿಗಿಮಾಡಿಕೊಂಡು ಉಸಿರು ಎಳೆಯಲು ಹೇಳಿ. ತುದಿ ಅವನ ಕೈಯಲ್ಲೇ ಇರಲಿ, ಹತ್ತು ಸೆಕೆಂಡ್ ಸಾಕು, ಅಸ್ತಮಾ ಇರುವವರು ಬೇಡ. ಎದೆಗೂಡು ಅರಳಿದರೆ ಮಾತ್ರ ಗಾಳಿ ಒಳಗೆ ಬರುತ್ತದೆ ಅನ್ನುವುದು ಅವನಿಗೆ ಮರೆಯುವುದಿಲ್ಲ.

ನರ ಮತ್ತು ಸ್ನಾಯುವಿನ ಪಾಠ ನಡೆಯುತ್ತಿದ್ದರೆ ಸುಳ್ವಾಡಿ. 2018ರ ಡಿಸೆಂಬರ್, ಚಾಮರಾಜನಗರ ಜಿಲ್ಲೆ, ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದರು. ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 15ಕ್ಕೂ ಹೆಚ್ಚು ಜನ ಸತ್ತರು. ನಾನು ವಿಷದ ಹೆಸರು ಹೇಳುವುದಿಲ್ಲ. ಬೋರ್ಡಿನ ಮೇಲೆ ಇಷ್ಟು ಬರೆಯುತ್ತೇನೆ: ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಮೈಯ ಮಾಂಸಖಂಡ ಪಟಪಟ ಅದುರುತ್ತದೆ. ಒಬ್ಬರಲ್ಲ, ಒಂದೇ ಊಟ ಮಾಡಿದ ಎಲ್ಲರಿಗೂ. ಏನು ಜಾಸ್ತಿಯಾಗಿದೆ? ಯಾರಾದರೂ ಒಬ್ಬರು ಅಳುಕುತ್ತ ಅಸಿಟೈಲ್‌ಕೋಲಿನ್ ಅನ್ನುತ್ತಾರೆ. ನರ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಕಳಿಸುವ ರಾಸಾಯನಿಕ ಅದು. ಆ ಕ್ಷಣಕ್ಕೆ ಕಾದಿರಿ, ನೀವೇ ಹೇಳಿಬಿಡಬೇಡಿ. ಅದನ್ನು ಒಡೆಯುವ ಕಿಣ್ವವನ್ನು ವಿಷ ಕಟ್ಟಿಹಾಕಿದೆ ಅಂತ ಅವರೇ ಬಿಡಿಸಿದ ಮೇಲೆ, ಅಸಿಟೈಲ್‌ಕೋಲಿನ್ ಕೆಲಸ ತಡೆಯುವ ಔಷಧಿ ಅಟ್ರೋಪಿನ್ ಯಾಕೆ ಕೊಡುತ್ತೇವೆ ಅನ್ನುವುದಕ್ಕೆ ಬೇರೆ ಪಾಠ ಬೇಡ. ಡೋಸ್ ಹೇಳಬೇಡಿ, ಅದಕ್ಕೆ ಇನ್ನೂ ವರ್ಷಗಳಿವೆ. ಹೊಲದಲ್ಲಿ ಔಷಧಿ ಹೊಡೆಯುತ್ತ ಬಿದ್ದವರು ಬಂದರೆ ಕೈಗೆ ಗ್ಲೌಸ್ ಹಾಕಿ, ಬಟ್ಟೆ ಬಿಚ್ಚಿಸಿ, ಸೋಪು ನೀರಲ್ಲಿ ಮೈ ತೊಳೆಯಬೇಕು, ಇಲ್ಲದಿದ್ದರೆ ಚರ್ಮದಿಂದ ವಿಷ ಒಳಗೆ ಇಳಿಯುತ್ತಲೇ ಇರುತ್ತದೆ ಅನ್ನುವುದನ್ನು ಮಾತ್ರ ಒತ್ತಿ ಹೇಳಿ. ಇದನ್ನು ಫಸ್ಟ್ ಇಯರ್‌ನವರೂ ನಾಳೆಯೇ ಮಾಡಬಹುದು.

ಪೊಟ್ಯಾಸಿಯಂ ಪಾಠ ಬಂದಾಗ ಧಾರವಾಡ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 60 ಗಂಟೆ ದಾಟಿದ ಮೇಲೂ ಅವಶೇಷದಡಿಯಿಂದ ಜೀವಂತ ಜನ ಹೊರಬಂದರು. ಇಂಥ ಕಡೆ ಕಾಲಿನ ಮೇಲಿನ ಕಂಬ ಎತ್ತಿದೊಡನೆ ಮನುಷ್ಯ ಸಾಯಬಹುದು, ಯಾಕೆ? ಗಂಟೆಗಟ್ಟಲೆ ಜಜ್ಜಿಹೋದ ಸ್ನಾಯುವಿನಲ್ಲಿ ತುಂಬಿಕೊಂಡ ಪೊಟ್ಯಾಸಿಯಂ ಒಮ್ಮೆಗೇ ರಕ್ತಕ್ಕೆ ನುಗ್ಗಿ ಹೃದಯದ ಲಯ ತಪ್ಪಿಸುತ್ತದೆ. ಅದಕ್ಕೇ ಕಂಬ ಎತ್ತುವ ಮೊದಲೇ ಸಲೈನ್ ಶುರು ಮಾಡುತ್ತಾರೆ. ಮುಂದಿನ ಬೆಂಚಿನವರು ಇದನ್ನು ಬರೆದುಕೊಳ್ಳುತ್ತಾರೆ, ಹಿಂದಿನ ಬೆಂಚಿನವರು ಎದ್ದು ಕೂರುತ್ತಾರೆ.

ಇನ್ನೊಂದು ವಿಷಯ ತರಗತಿಯಲ್ಲಿ ಬೇಡ, ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲೇ ಮಾತಾಡಿ. 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ಸತ್ತರು, ಬದುಕಿದ್ದು ಎಂಟೇ ಜನ. ಆ ದಿನದ ದೊಡ್ಡ ಕೆಲಸ ಗಾಯಾಳುಗಳದ್ದಲ್ಲ, ಗುರುತು ಹಿಡಿಯುವುದು. ಯಾರ ದೇಹ, ಯಾರ ಕೈಗೆ ಕೊಡುವುದು. ಡಿಎನ್ಎ ಪರೀಕ್ಷೆ ಮಾಡಿಸಬೇಕಾಯಿತು. ಸತ್ತವರಿಗೆ ಚೀಟಿ ಕಟ್ಟುವುದು, ಸಿಕ್ಕ ಜಾಗ ಬರೆಯುವುದು, ಮೈಮೇಲಿನ ವಸ್ತು ಬೇರೆ ಮಾಡದಿರುವುದು, ಇವೂ ವೈದ್ಯರ ಕೆಲಸವೇ. ಹೆಣಗಳಿಂದ ರೋಗ ಹರಡುತ್ತೆ, ಬೇಗ ಸುಟ್ಟುಬಿಡಿ ಅಂತ ಪ್ರತಿ ಪ್ರವಾಹದಲ್ಲೂ ಯಾರೋ ಕೂಗುತ್ತಾರೆ. ಗಾಯದಿಂದಲೋ ನೀರಲ್ಲಿ ಮುಳುಗಿಯೋ ಸತ್ತವರಿಂದ ಸಾಂಕ್ರಾಮಿಕ ಹಬ್ಬುವುದಿಲ್ಲ ಅಂತ ಈಗಲೇ ಹೇಳಿಬಿಡಿ. ಆ ಹಾಲ್‌ನಲ್ಲಿ ನಿಂತು ಹೇಳಿದರೆ ಮಕ್ಕಳು ಗಂಭೀರವಾಗಿ ಕೇಳುತ್ತಾರೆ.

ಎರಡನೇ ಮಧ್ಯಾಹ್ನ: ಬಿಎಲ್ಎಸ್, ಮತ್ತು ಹದಿನೆಂಟರ ತೊಂದರೆ

ಎದೆ ಒತ್ತುವುದನ್ನು ಎಲ್ಲ ಕಡೆ ಕಲಿಸುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ನಿಮಿಷಕ್ಕೆ 100ರಿಂದ 120 ಸಲ, ಆಳ ಐದು ಸೆಂಟಿಮೀಟರ್, ಆರು ದಾಟಬಾರದು, 30 ಒತ್ತಿದರೆ ಎರಡು ಉಸಿರು. ಅಭ್ಯಾಸದ ಬೊಂಬೆ (ಮ್ಯಾನಿಕಿನ್) ಸಾಲದಿದ್ದರೆ ದಿಂಬಿನೊಳಗೆ ಖಾಲಿ ನೀರಿನ ಬಾಟಲಿ ತುರುಕಿ. ಒತ್ತಿದಾಗ ಟಕ್ ಅನ್ನಬೇಕು.

ಆದರೆ ಒಂದು ವಿಷಯ ನಾನೇ ಕಂಡುಕೊಂಡಿದ್ದು. ಕನ್ನಡದಲ್ಲಿ ಎಣಿಸುವ ಮಕ್ಕಳು ಹತ್ತರವರೆಗೆ ಸರಿಯಾದ ವೇಗದಲ್ಲಿರುತ್ತಾರೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತೊಂದು ಬಂತೋ, ಪದ ಉದ್ದವಾಗಿ ಕೈ ನಿಧಾನವಾಗುತ್ತದೆ. ಇಪ್ಪತ್ತೇಳರ ಹೊತ್ತಿಗೆ ಎತ್ತಿನಗಾಡಿ. 30 ಒತ್ತುವಿಕೆ ಹದಿನೈದರಿಂದ ಹದಿನೆಂಟು ಸೆಕೆಂಡಿನಲ್ಲಿ ಮುಗಿಯಬೇಕು. ಹಾಗಾಗಿ ಒಂದರಿಂದ ಹತ್ತು, ಮೂರು ಸಲ ಎಣಿಸಿ ಅನ್ನುತ್ತೇನೆ. ಒಂದೊಂದು ಹತ್ತಕ್ಕೂ ಪಕ್ಕದವರು ಒಂದು ಬೆರಳು ಮಡಚಲಿ.

ಬಿಎಲ್ಎಸ್ ಆದ ಮರುದಿನವೇ ಟ್ರಯಾಜ್ (ಯಾವ ಗಾಯಾಳುವನ್ನು ಮೊದಲು ನೋಡಬೇಕು ಅಂತ ವಿಂಗಡಿಸುವುದು) ಇಡಬೇಡಿ. ನಾನು ಇಟ್ಟು ಅನುಭವಿಸಿದ್ದೇನೆ. ನಿನ್ನೆ ತಾನೆ ಉಸಿರಿಲ್ಲದವರಿಗೆ ಎದೆ ಒತ್ತಿ ಅಂದಿರಿ, ಇವತ್ತು ಸತ್ತವರೆಂದು ಕಪ್ಪು ಚೀಟಿ ಕಟ್ಟಿ ಮುಂದೆ ಹೋಗಿ ಅನ್ನುತ್ತೀರಲ್ಲ ಮೇಡಂ, ಅಂತ ಒಬ್ಬಳು ಮೈದಾನದಲ್ಲೇ ಅತ್ತಳು. ಅವಳು ಕೇಳಿದ್ದು ಸರಿಯಾಗೇ ಇತ್ತು. ಒಬ್ಬ ರೋಗಿ, ನಾಲ್ಕು ಕೈ ಇದ್ದಾಗಿನ ನಿಯಮ ಬೇರೆ. ಮೂವತ್ತು ರೋಗಿ, ನಾಲ್ಕು ಕೈ ಇದ್ದಾಗಿನದು ಬೇರೆ. ನಡುವೆ ಒಂದು ವಾರ ಬಿಡಿ. ಈ ತಿಕ್ಕಾಟ ಬರುತ್ತದೆ ಅಂತ ಮೊದಲೇ ಹೇಳಿಡಿ.

ಫೋನ್ ಮಾಡುವುದನ್ನೂ ಇವತ್ತೇ ಕಲಿಸಿ. ಇಬ್ಬರನ್ನು ಬೆನ್ನಿಗೆ ಬೆನ್ನು ಕೂರಿಸಿ. ಒಬ್ಬನಿಗೆ ಅಪಘಾತದ ಚಿತ್ರ ಕೊಡಿ, ಇನ್ನೊಬ್ಬ 108ರಲ್ಲಿ ಫೋನ್ ಎತ್ತುವವನು. ಎಲ್ಲಿ, ಏನಾಗಿದೆ, ಇನ್ನೂ ಏನು ಅಪಾಯ ಇದೆ, ಯಾವ ದಾರಿಯಿಂದ ಗಾಡಿ ಬರಬಹುದು, ಅಂದಾಜು ಎಷ್ಟು ಜನ. ಒಂದು ನಿಮಿಷ ಅಷ್ಟೇ. ಮೊದಲ ಸಲ ಎಲ್ಲರೂ "ಬೇಗ ಬನ್ನಿ ಸಾರ್, ತುಂಬಾ ಜನ ಸಾರ್" ಅಂತಾರೆ. ಊರ ಹೆಸರೇ ಹೇಳಿರುವುದಿಲ್ಲ. ಹಾಗೇ "ಯಾರಾದ್ರೂ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ನೀಲಿ ಅಂಗಿಯವರೇ, ನೀವು ಮಾಡಿ, ಮಾಡಿ ನನಗೆ ಬಂದು ಹೇಳಿ ಅಂತ ಬೊಟ್ಟು ಮಾಡಿ ಹೇಳುವುದನ್ನು ಬಾಯಿಪಾಠ ಮಾಡಿಸಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರುವವರು ಇದ್ದೇ ಇರುತ್ತಾರೆ. ರಸ್ತೆ ಅಪಘಾತದಲ್ಲಿ ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಈ ರಕ್ಷಣೆ ಸೇರಿಸಿದ್ದಾರೆ ಅಂತ ತಿಳಿಸಿ.

ಮೂರನೇ ಮಧ್ಯಾಹ್ನ: ಮೈದಾನ

ಟ್ರಯಾಜ್ ಅಂದರೆ ಫ್ರೆಂಚಿನಲ್ಲಿ ವಿಂಗಡಿಸುವುದು. ನೆಪೋಲಿಯನ್ ಸೈನ್ಯದ ಸರ್ಜನ್ ಲ್ಯಾರಿ, ಪದವಿ ನೋಡಬೇಡಿ, ಗಾಯ ನೋಡಿ ಅಂದವನು. ನಾವು ಬಳಸುವ, ಸ್ಟಾರ್ಟ್ ಅನ್ನುವ ಟ್ರಯಾಜ್ ವಿಧಾನ 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಒಂದು ಆಸ್ಪತ್ರೆ ಮತ್ತು ಅಗ್ನಿಶಾಮಕ ದಳ ಸೇರಿ ಮಾಡಿದ್ದು. ಸ್ಥಳಕ್ಕೆ ಮೊದಲು ಹೋಗುವವರಿಗೆ, ಜಾಸ್ತಿ ವೈದ್ಯಕೀಯ ಓದಿರದವರಿಗೆ ಅಂತಲೇ ಮಾಡಿದ್ದರಿಂದ ನಮ್ಮ ಮಕ್ಕಳಿಗೆ ಅಳತೆ ಸರಿಯಾಗಿ ಕೂರುತ್ತದೆ.

ನಾನು ಹೇಳಿಕೊಡುವುದು ಹೀಗೆ. ಮೊದಲು ಗಟ್ಟಿಯಾಗಿ ಕೂಗಿ: "ನಡೆಯೋಕೆ ಆಗೋರೆಲ್ಲ ಈ ಕಡೆ ಬನ್ನಿ!" ಬಂದವರೆಲ್ಲ ಹಸಿರು, ಅವರ ಸರದಿ ಕೊನೆಗೆ. ಉಳಿದವರಲ್ಲಿ ಹತ್ತಿರದವರಿಂದ ಶುರು ಮಾಡಿ. ಉಸಿರಿದೆಯಾ? ಇಲ್ಲದಿದ್ದರೆ ಗದ್ದ ಎತ್ತಿ ಉಸಿರಿನ ದಾರಿ ಬಿಡಿಸಿ. ಆಗಲೂ ಬರಲಿಲ್ಲವೆಂದರೆ ಕಪ್ಪು, ಬಂದರೆ ಕೆಂಪು, ಅಂದರೆ ತಕ್ಷಣ ನೋಡಬೇಕಾದವರು. ಉಸಿರು ನಿಮಿಷಕ್ಕೆ 30 ದಾಟಿದೆಯಾ? ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿಲ್ಲವಾ, ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಜಾಸ್ತಿ ಬೇಕಾ? ಕೆಂಪು. "ನನ್ನ ಕೈ ಹಿಚುಕಿ" ಅಂದರೆ ಹಿಚುಕುತ್ತಿಲ್ಲವಾ? ಕೆಂಪು. ಇದೆಲ್ಲ ದಾಟಿದವರು ಹಳದಿ, ಸ್ವಲ್ಪ ಹೊತ್ತು ಕಾಯಬಹುದಾದವರು. ಒಬ್ಬರಿಗೆ ಒಂದು ನಿಮಿಷದೊಳಗೆ. ನಡುವೆ ಮಾಡಬಹುದಾದ ಚಿಕಿತ್ಸೆ ಎರಡೇ: ಉಸಿರಿನ ದಾರಿ ತೆರೆಯುವುದು, ಸುರಿಯುವ ರಕ್ತಕ್ಕೆ ಒತ್ತಿ ಹಿಡಿಯುವುದು. ಅದನ್ನೂ ಒತ್ತಿ ಹಿಡಿಯಲು ಹಸಿರಿನವರನ್ನೇ ಕರೆಯಿರಿ. ಚಿಕ್ಕ ಮಕ್ಕಳ ಲೆಕ್ಕ ಬೇರೆ ಇದೆ, ಈ ವರ್ಷ ಬೇಡ.

ಆ ಮೊದಲ ಕೂಗನ್ನು ಕನ್ನಡದಲ್ಲೇ ಕೂಗಿಸಿ. ಬೇರೆ ರಾಜ್ಯದಿಂದ ಬಂದ ಮಕ್ಕಳಿಗೆ ಇದೇ ನಮ್ಮ ಕಾಲೇಜಿನ ಮೊದಲ ಕನ್ನಡ ಪಾಠ. ಕಳೆದ ಸಲ ಬಿಹಾರದ ಹುಡುಗನೊಬ್ಬ "ನಡೆಯೋಕೆ ಆಗೋರು" ಅನ್ನುವುದನ್ನು ನಡೆಯುತ್ತ ನಡೆಯುತ್ತ ಕಲಿತ. ಅವನ ರೂಮ್‌ಮೇಟ್ ಗದಗದವನು, "ನಮ್ಮ ಕಡೆ ಅಡ್ಡಾಡಾಕ ಬರೋರು ಈ ಕಡಿ ಬರ್ರಿ ಅಂದ್ರನ ತಿಳೀತದ" ಅಂತ ತಿದ್ದಿದ. ಎರಡೂ ಇರಲಿ ಅಂದೆ.

ಸಾಮಾನಿಗೆ ಹಣ ಕೇಳಿ ಅರ್ಜಿ ಹಾಕಿ ಕೂರಬೇಡಿ. ಚೀಟಿಗೆ ಹಳೆ ಲಗ್ನಪತ್ರಿಕೆ. ದಪ್ಪ ರಟ್ಟು, ಹಿಂಬದಿ ಖಾಲಿ, ಎಲ್ಲರ ಮನೆಯಲ್ಲೂ ಕಟ್ಟುಗಟ್ಟಲೆ ಇರುತ್ತವೆ. ಒಂದು ತೂತು, ನಾಲ್ಕು ಬಣ್ಣದ ರಿಬ್ಬನ್. ರಕ್ತಕ್ಕೆ ಮೊದಲ ವರ್ಷ ಸಕ್ಕರೆ ಪಾಕಕ್ಕೆ ಕುಂಕುಮ ಕಲಸಿದ್ದೆ. ನೋಡಲು ಅದ್ಭುತವಾಗಿತ್ತು. ಹತ್ತು ನಿಮಿಷಕ್ಕೆ ಇರುವೆ ಬಂದು "ಸತ್ತವರೆಲ್ಲ" ಎದ್ದು ಓಡಿದರು. ಈಗ ಬೀಟ್‌ರೂಟ್ ರಸಕ್ಕೆ ಜೋಳದ ಹಿಟ್ಟು ಹಾಕಿ ಕುದಿಸುತ್ತೇವೆ, ಹಳೆ ಬಟ್ಟೆ ಹಾಕಿಕೊಂಡು ಬನ್ನಿ ಅನ್ನುತ್ತೇವೆ. ಅಪಘಾತದ ಜಾಗಕ್ಕೆ ವರ್ಕ್‌ಶಾಪ್ ಹಿಂದೆ ಕೆಟ್ಟು ನಿಂತ ಕಾಲೇಜು ಬಸ್ಸು. ಸೀಟಿನ ನಡುವೆ ಬಗ್ಗಿ ನಾಡಿ ನೋಡುವುದು ಎಷ್ಟು ಕಷ್ಟ ಅಂತ ಅಲ್ಲೇ ಗೊತ್ತಾಗುವುದು.

ಹನ್ನೆರಡು ಗಾಯಾಳು, ನಾಲ್ಕು ಜನರ ತಂಡ. ಒಬ್ಬ ನಾಯಕ, ಅವನು ಯಾರನ್ನೂ ಮುಟ್ಟುವಂತಿಲ್ಲ, ಕೈ ಹಿಂದೆ ಕಟ್ಟಿ ನಿಂತು ಲೆಕ್ಕ ಹೇಳಬೇಕು. ಗಾಯಾಳುಗಳಿಗೆ ಒಂದೊಂದು ಚೀಟಿಯಲ್ಲಿ ಪಾತ್ರ ಬರೆದುಕೊಡಿ: ಉಸಿರು ಎಷ್ಟು, ನಾಡಿ ಸಿಗುತ್ತದಾ, ಕೂಗಬೇಕಾ ಸುಮ್ಮನಿರಬೇಕಾ. ನಾಟಕದ ಹುಚ್ಚಿರುವವರಿಗೆ ಕೂಗುವ ಪಾತ್ರ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ಕೆಲವರು ಜಾಸ್ತಿಯೇ ಮಾಡುತ್ತಾರೆ.

ಇಲ್ಲೇ ನಾನು ಎಡವಿದ್ದೂ. ಒಂದು ವರ್ಷ ಕಾಂಪೌಂಡ್ ಹೊರಗಿನ ರಸ್ತೆಗೆ ಕಾಣುವ ಜಾಗದಲ್ಲಿ ನಡೆಸಿದೆ, ಗೇಟಿನವರಿಗೂ ಹೇಳಿರಲಿಲ್ಲ. ಹಾಲು ಹಾಕಲು ಬಂದವರು ಯಾರೋ ನೋಡಿ ನಿಜವೆಂದು 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂತು. ಆ ಹೊತ್ತಿಗೆ ಅದು ಬೇರೆಲ್ಲಿಗೋ ಹೋಗಬೇಕಾದ ಗಾಡಿ. ಡ್ರೈವರ್ ನನ್ನನ್ನು ಬೈಯಲಿಲ್ಲ, ಸುಮ್ಮನೆ ನೋಡಿ ಹೋದ. ಆವತ್ತಿನಿಂದ ಗೇಟಿಗೆ, ಠಾಣೆಗೆ, ನಮ್ಮದೇ ಕ್ಯಾಶುವಲ್ಟಿಗೆ ಹಿಂದಿನ ದಿನವೇ ತಿಳಿಸುತ್ತೇನೆ, "ಅಣಕು ತರಬೇತಿ" ಅಂತ ದೊಡ್ಡ ಬ್ಯಾನರ್ ಕಟ್ಟಿಸುತ್ತೇನೆ. ಆಟದ ನಡುವೆ ಯಾರಿಗಾದರೂ ನಿಜಕ್ಕೂ ಪೆಟ್ಟಾದರೆ "ನಿಜ, ನಿಜ, ನಿಜ" ಅಂತ ಮೂರು ಸಲ ಕೂಗಬೇಕು, ಎಲ್ಲವೂ ನಿಲ್ಲಬೇಕು. ಎರಡು ಸಲ ಬೇಕಾಗಿದೆ. ಒಂದು ಉಳುಕು, ಒಂದು ತಲೆಸುತ್ತು.

ಹಿಂದಿನ ದಿನ ಇನ್ನೊಂದು ಕೆಲಸ ಮಾಡಿ. ಮನೆಯಲ್ಲಿ ಅಪಘಾತದಿಂದ ಯಾರನ್ನಾದರೂ ಕಳೆದುಕೊಂಡವರಿದ್ದರೆ ನನಗೆ ಮೆಸೇಜ್ ಮಾಡಿ, ಕಾರಣ ಹೇಳುವುದು ಬೇಡ ಅನ್ನುತ್ತೇನೆ. ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಅವರಿಗೆ ಗಡಿಯಾರ ಹಿಡಿಯುವ, ಬರೆದುಕೊಳ್ಳುವ ಕೆಲಸ. ಯಾಕೆ ಅಂತ ಉಳಿದವರಿಗೆ ಗೊತ್ತಾಗದ ಹಾಗೆ ಕೊಡಿ.

ನೀರು ಕೇಳುವ ಅಜ್ಜ

ಹನ್ನೆರಡು ಪಾತ್ರಗಳಲ್ಲಿ ಒಂದು ಮಾತ್ರ ನಾನು ಎಂದೂ ಬಿಡುವುದಿಲ್ಲ. ಅದಕ್ಕೊಂದು ಕಥೆ ಇದೆ.

ನಾನು ಇಂಟರ್ನ್ ಆಗಿದ್ದಾಗ ಒಂದು ರಾತ್ರಿ ದಿಬ್ಬಣದ ಬಸ್ಸು ಪಲ್ಟಿಯಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಒಮ್ಮೆಗೇ ಬಂದರು. ನನಗೆ ಸಿಕ್ಕಿದ್ದು ತಲೆ ಒಡೆದುಕೊಂಡು ಕಿರುಚುತ್ತಿದ್ದ ಹುಡುಗ. ಹೊಲಿಗೆ ಹಾಕುವುದನ್ನು ಆಗಷ್ಟೇ ಕಲಿತಿದ್ದೆ, ಚೆಂದ ಹಾಕಿದೆ, ಇಪ್ಪತ್ತು ನಿಮಿಷ ಹಿಡಿಯಿತು. ಬೆಂಚಿನ ಮೇಲೆ ಪೇಟ ಸುತ್ತಿದ ಒಬ್ಬ ಅಜ್ಜ ಕೂತಿದ್ದರು. ನಡೆದುಕೊಂಡೇ ಒಳಗೆ ಬಂದವರು. "ನಂಗೇನಾಗಿಲ್ಲವ್ವ, ಹುಡುಗ್ರನ್ನ ನೋಡು" ಅಂದರು. ಆಮೇಲೆ ಎರಡು ಸಲ ನೀರು ಕೇಳಿದರು. ಮೂರನೇ ಸಲ ಕೇಳಲಿಲ್ಲ. ಹೊಟ್ಟೆಯೊಳಗೆ ಸ್ಪ್ಲೀನ್ (ಗುಲ್ಮ) ಒಡೆದು ರಕ್ತ ಹೋಗುತ್ತಿತ್ತು.

ಸ್ಟಾರ್ಟ್ ಪ್ರಕಾರ ನೋಡಿದರೆ ಅವರು ಹಸಿರು. ವಿಧಾನದ ತಪ್ಪಲ್ಲ ಅದು. ಚೀಟಿ ಕಟ್ಟಿ ಮರೆತರೆ ತಪ್ಪು. ರಕ್ತ ಕಡಿಮೆಯಾದಾಗ ಬಾಯಾರಿಕೆ ಆಗುತ್ತದೆ, ನಾಡಿ ಓಡುತ್ತದೆ, ಅಂಗೈ ತಣ್ಣಗಾಗುತ್ತದೆ. ಫಸ್ಟ್ ಇಯರ್ ಫಿಸಿಯಾಲಜಿಯಲ್ಲೇ ಇರುವ ವಿಷಯ. ಹಾಗಾಗಿ ಎಲ್ಲರಿಗೂ ಚೀಟಿ ಕಟ್ಟಿ ಮುಗಿದ ಮೇಲೆ ತಂಡ ಮತ್ತೆ ಮೊದಲಿಂದ, ಹಸಿರಿನವರನ್ನೂ ಸೇರಿಸಿ, ಒಂದು ಸುತ್ತು ಬರಬೇಕು ಅನ್ನುವುದು ನನ್ನ ನಿಯಮ. ಮಕ್ಕಳಿಗೆ ಕಥೆಯನ್ನು ಮಾತ್ರ ಮೊದಲು ಹೇಳುವುದಿಲ್ಲ. ಹಸಿರಿನ ಗುಂಪಿನಲ್ಲಿ ಒಬ್ಬ ಹುಡುಗನಿಗೆ ಪಂಚೆ ಉಡಿಸಿ ಕೂರಿಸುತ್ತೇನೆ. ಅವನ ಚೀಟಿಯಲ್ಲಿ ಹೀಗಿರುತ್ತದೆ: "ನಿಮಗೇನೂ ಆಗಿಲ್ಲ. ಮೂರನೇ ನಿಮಿಷಕ್ಕೆ ನೀರು ಕೇಳಿ. ಆರನೇ ನಿಮಿಷಕ್ಕೆ ಮತ್ತೆ ಕೇಳಿ. ಯಾರಾದರೂ ನಾಡಿ ಹಿಡಿದರೆ 130 ಅನ್ನಿ. ಒಂಬತ್ತನೇ ನಿಮಿಷಕ್ಕೆ ಮಲಗಿ."

ಮುಗಿದ ಮೇಲೆ ನೆರಳಲ್ಲಿ ಕೂರಿಸಿ ಚಹಾ ಕೊಟ್ಟು ಮಾತಾಡಿ. ಯಾರು ಎಷ್ಟು ತಪ್ಪು ಬಣ್ಣ ಕಟ್ಟಿದರು ಅನ್ನುವ ಲೆಕ್ಕ ಆಮೇಲೆ. ಮೊದಲು ಗಾಯಾಳುಗಳು ಮಾತಾಡಲಿ. ಕಪ್ಪು ಚೀಟಿ ಕಟ್ಟಿಸಿಕೊಂಡವನಿಗೆ ಹೇಗನಿಸಿತು, ಹಳದಿಯವಳ ಹತ್ತಿರ ಎಷ್ಟು ಹೊತ್ತು ಯಾರೂ ಬರಲಿಲ್ಲ. ಅವರು ಹೇಳುವುದು ನಾನು ಹೇಳುವುದಕ್ಕಿಂತ ಚೆನ್ನಾಗಿರುತ್ತದೆ. ಏನೂ ಮಾತಾಡದೆ ಕೂತವರನ್ನು ಗುರುತಿಟ್ಟುಕೊಂಡು ಸಂಜೆ ಒಂದು ಫೋನ್ ಮಾಡಿ. ಕೊನೆಗೆ ಪಂಚೆಯ ಹುಡುಗನನ್ನು ಎಬ್ಬಿಸಿ ಅವನ ಚೀಟಿ ಓದಿಸಿ, ಆಮೇಲೆ ನಾನು ಬೆಂಚಿನ ಅಜ್ಜನ ವಿಷಯ ಹೇಳುತ್ತೇನೆ.

ಕಳೆದ ವರ್ಷ ಹತ್ತು ತಂಡಗಳಲ್ಲಿ ಮೂರು ಅವನನ್ನು ಹಿಡಿದವು. ಒಬ್ಬಳು ಎರಡನೇ ಸಲ ನೀರು ಕೇಳಿದ ಕೂಡಲೇ ಬಾಟಲಿ ಹುಡುಕದೆ ಅವನ ಮಣಿಕಟ್ಟು ಹಿಡಿದಳು. ಯಾಕೆ ಅಂತ ಕೇಳಿದರೆ "ಇಷ್ಟೊತ್ತಿಗೆ ಎಲ್ಲರೂ ಕೂಗ್ತಿದ್ರು ಮೇಡಂ, ಇವರೊಬ್ಬರೇ ಮೆಲ್ಲಗೆ ಕೇಳಿದ್ರು" ಅಂದಳು.

ಒಂದು ತೊಂದರೆ ಇದೆ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಮೊದಲೇ ಹೇಳಿಬಿಡುತ್ತಾರೆ, ಪಂಚೆಯವನನ್ನು ಬಿಡಬೇಡಿ ಅಂತ. ಹಾಗಾಗಿ ಈ ವರ್ಷ ಪಂಚೆ ಇಲ್ಲ. ಹಸಿರಿನ ಗುಂಪಿನ ಮೂಲೆಯಲ್ಲಿ ಶಾಲು ಹೊದ್ದ ಒಬ್ಬಳು ಕೂತಿರುತ್ತಾಳೆ. ಅವಳು ನೀರು ಕೇಳುವುದಿಲ್ಲ. ಯಾಕೋ ಚಳಿ ಆಗ್ತಿದೆ, ಕಿಟಕಿ ಹಾಕ್ತೀರಾ ಅನ್ನುತ್ತಾಳೆ. ಬಯಲಲ್ಲಿ ಕಿಟಕಿ ಎಲ್ಲಿದೆ ಅಂತ ಯಾರಿಗೆ ಹೊಳೆಯುತ್ತದೋ ನೋಡಬೇಕು.